ರೊಟ್ಟಿ ಮುರಿಯದ ಪಿಕಪ್

ನಮ್ಮ ಕಡೆ ರಸ್ತೆಯಲ್ಲಿ ಯಾರದಾದರೂ ಗಾಡಿ ನಿಂತುಹೋದರೆ, ಹಿಂದಿನಿಂದ ಬಂದವನು ತನ್ನ ಗಾಡಿಯ ಮೇಲೆ ಕೂತಂತೆಯೇ ಒಂದು ಕಾಲು ಚಾಚಿ, ಮುಂದಿನ ಗಾಡಿಗೆ ಒತ್ತಿಕೊಟ್ಟು ನೂಕಿಕೊಂಡು ಹೋಗುತ್ತಾನೆ. ಇದಕ್ಕೆ ಕಾಲು ಹಚ್ಚುವುದು ಎನ್ನುತ್ತೇವೆ. ಪರಿಚಯ ಬೇಕಿಲ್ಲ, ಕೇಳಬೇಕಾದ್ದೂ ಇಲ್ಲ. ಪೆಟ್ರೋಲ್ ಬಂಕೋ ಗ್ಯಾರೇಜೋ ಬಂದ ಕೂಡಲೇ ಕಾಲು ತೆಗೆದು, ಕೈ ಎತ್ತಿ ಹೋಗಿಬಿಡುತ್ತಾನೆ. ನಾನೂ ಎಷ್ಟೋ ಮಂದಿಗೆ ಕಾಲು ಹಚ್ಚಿದ್ದೇನೆ, ಹಚ್ಚಿಸಿಕೊಂಡಿದ್ದೇನೆ. ಅಕ್ಕನ ಸ್ಕೂಟರಿನ ಪ್ರಕರಣ ನಡೆಯುವವರೆಗೆ ಅದರಲ್ಲಿ ಉಪಕಾರವಲ್ಲದೆ ಬೇರೇನಾದರೂ ಇದ್ದೀತು ಎಂದು ನನಗೆ ಅನ್ನಿಸಿರಲಿಲ್ಲ.

ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಚಿಕ್ಕಂದಿನಲ್ಲಿ ಪೋಲಿಯೊ ಬಂದು ಅವಳ ಎಡಗಾಲು ಬೆಳೆಯಲಿಲ್ಲ. ಮದುವೆಯಾಗಲಿಲ್ಲ, ಆಗಬೇಕೆಂದು ನಮಗೆಲ್ಲ ಇದ್ದ ಅವಸರ ಅವಳಿಗೆ ಇದ್ದಂತಿರಲಿಲ್ಲ. ಬ್ಯಾಡಗಿಯಲ್ಲಿ ನಮ್ಮದು ಒಂದೇ ಮನೆ, ಎರಡು ಬಾಗಿಲು. ಒಂದು ಬಾಗಿಲಲ್ಲಿ ನಾನು, ಹೆಂಡತಿ, ಮಗಳು. ಇನ್ನೊಂದರಲ್ಲಿ ಅಕ್ಕ ಮತ್ತು ಅವಳ ರೊಟ್ಟಿ. ಬೆಳಿಗ್ಗೆ ಇಬ್ಬರು ಹೆಂಗಸರು ಬಂದು ಜೋಳದ ರೊಟ್ಟಿ ಬಡಿಯುತ್ತಾರೆ, ಅಕ್ಕ ಮಣೆಯ ಮೇಲೆ ಕೂತು ಬೇಯಿಸುತ್ತಾಳೆ, ಆಮೇಲೆ ಅವನ್ನು ಒಣಗಿಸಿ ಖಡಕ್ ಮಾಡುತ್ತಾರೆ. ಖಡಕ್ ರೊಟ್ಟಿ ತಿಂಗಳಿಟ್ಟರೂ ಕೆಡುವುದಿಲ್ಲ, ಆದರೆ ಹೆಬ್ಬೆರಳು ಜೋರಾಗಿ ಒತ್ತಿದರೆ ಚೂರಾಗುತ್ತದೆ. ಹಾವೇರಿಯಲ್ಲಿ ಕೋರ್ಟಿನ ಹತ್ತಿರದ ಒಂದು ಖಾನಾವಳಿಗೆ ಈ ರೊಟ್ಟಿ ಹೋಗುತ್ತದೆ. ಅಲ್ಲಿ ತಾಟಿನ ಮೇಲೆ ಇಡೀ ರೊಟ್ಟಿ ಕಾಣಬೇಕು. ಮುರಿದದ್ದನ್ನು ಬಡಿಸಿದರೆ, ಯಾರೋ ಬಿಟ್ಟೆದ್ದದ್ದನ್ನು ತನಗೆ ಬಡಿಸಿದರೆಂದು ಉಣ್ಣುವವನು ಮುಖ ಗಂಟು ಹಾಕುತ್ತಾನೆ.

ಮೊದಲು ರೊಟ್ಟಿಯನ್ನು ಬಸ್ಸಿನಲ್ಲಿ ಕಳಿಸುತ್ತಿದ್ದೆವು. ಬಸ್ಸಿನಲ್ಲಿ ಡಬ್ಬಿಯ ಮೇಲೆ ಜನ ಕೂತುಬಿಡುತ್ತಿದ್ದರು. ಕೊನೆಗೆ ಅಕ್ಕ ತಾನೇ ಒಯ್ಯುತ್ತೇನೆಂದು ಒಂದು ಹಳೆಯ ಸಣ್ಣ ಸ್ಕೂಟರ್ ಕೊಂಡಳು. ಅದರ ಹಿಂಬದಿಗೆ ಎರಡೂ ಮಗ್ಗುಲಲ್ಲಿ ಒಂದೊಂದು ಗಾಲಿ ಜೋಡಿಸಿ ವೆಲ್ಡಿಂಗ್ ಮಾಡಿಸಿದೆವು. ಅದು ಬಂದ ದಿನ ಅವಳು ಬ್ಯಾಡಗಿಯ ಎಲ್ಲ ಓಣಿ ಸುತ್ತಿ, ಮೆಣಸಿನಕಾಯಿ ಮಾರುಕಟ್ಟೆಯ ಗೇಟಿನವರೆಗೂ ಹೋಗಿ ಬಂದಳು. ಯಾವ ಕೆಲಸವೂ ಇರಲಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡು ಬಂದವಳನ್ನು ಏನಾಯಿತೆಂದು ಕೇಳಿದರೆ, ಖಾರದ ಘಾಟು ಎಂದಳು. ಅದು ಮಾರುಕಟ್ಟೆಯ ಕಾಲವೇ ಆಗಿರಲಿಲ್ಲ.

ಆ ವಾರದಲ್ಲೇ ಒಂದು ಮಾತು ಹೇಳಿದ್ದಳು. ಗಾಡಿ ಎಡಕ್ಕೆ ಎಳೆಯುತ್ತದೆ ಎಂದು. ನಾಲ್ಕು ಗಾಲಿ ಇದ್ದಮೇಲೆ ಹಾಗೇ, ರೂಢಿಯಾಗುತ್ತದೆ ಎಂದು ನಾನು ಹೇಳಿದೆ. ಹಾಗೆ ಹೇಳಿದ್ದು ನನಗೆ ಮರೆತೂ ಹೋಯಿತು.

ಹಾವೇರಿಗೆ ಹೋಗುವಾಗ ದಾರಿಯಲ್ಲಿ ಒಂದು ಮೇಲ್ಸೇತುವೆ ಸಿಗುತ್ತದೆ. ಅಂಥಾ ದೊಡ್ಡ ಏರೇನಲ್ಲ. ಆದರೆ ಅಕ್ಕ, ರೊಟ್ಟಿಯ ದೊಡ್ಡ ಡಬ್ಬಿ, ಎರಡು ಹೆಚ್ಚಿನ ಗಾಲಿ, ಎಲ್ಲ ಸೇರಿ ಆ ಪುಟ್ಟ ಎಂಜಿನ್ನಿಗೆ ಹೊರೆಯಾಗುತ್ತಿತ್ತು. ಅರ್ಧ ಏರಿನಲ್ಲಿ ಗಾಡಿ ಮುಗ್ಗರಿಸಿ ನಿಲ್ಲುತ್ತಿತ್ತು. ಯಾರೋ ಬಂದು ಕಾಲು ಹಚ್ಚುತ್ತಿದ್ದರು. ದಿನಾ ಹೀಗೇ. ಮೊದಮೊದಲು ಅಕ್ಕ ಇದನ್ನು ನಗುತ್ತಾ ಹೇಳುತ್ತಿದ್ದಳು. ಹಾವೇರಿ ಜಿಲ್ಲೆಯ ಅರ್ಧ ಗಂಡಸರ ಬೂಟು ನನ್ನ ಗಾಡಿಗೆ ತಾಗಿದೆ ಎನ್ನುತ್ತಿದ್ದಳು. ಒಂದು ಸಂಜೆ ಮಾತ್ರ ನಗಲಿಲ್ಲ. ಆ ದಿನ ಕಾಲು ಹಚ್ಚಿದವನು ಏರು ಮುಗಿಯುವವರೆಗೆ ಸುಮ್ಮನಿದ್ದು, ಹೋಗುವಾಗ ಒಂದು ಮಾತು ಕೇಳಿ ಹೋಗಿದ್ದ.

"ಅಕ್ಕಾರ, ಮನ್ಯಾಗ ಗಂಡಸರು ಯಾರೂ ಇಲ್ಲೇನ್ರಿ?"

ಅವನು ಕೆಟ್ಟವನಿರಲಿಕ್ಕಿಲ್ಲ. ಕನಿಕರದಿಂದಲೇ ಕೇಳಿರಬೇಕು. ಆದರೆ ಅಕ್ಕ ಆ ರಾತ್ರಿ ಊಟಕ್ಕೆ ಕೂತಾಗ, ಇನ್ನು ಎಂಟು ಹದಿನೈದು ದಿನ ನೋಡುತ್ತೇನೆ, ಆ ಏರನ್ನು ಯಾರ ಕಾಲೂ ಇಲ್ಲದೆ ಹತ್ತುವಂತಿದ್ದರೆ ಗಾಡಿ ಇಟ್ಟುಕೊಳ್ಳುತ್ತೇನೆ, ಇಲ್ಲದಿದ್ದರೆ ಮಾರಿ ಮತ್ತೆ ಬಸ್ಸಿಗೇ ಕೊಡುತ್ತೇನೆ ಎಂದಳು. ಅವಳು ಹೇಳಿದರೆ ಮಾಡುವವಳು. ಓಣಿ ಓಣಿ ಸುತ್ತಿ ಬಂದ ಆ ಮೊದಲ ದಿನದ ಮುಖ ನನಗೆ ನೆನಪಾಗಿ ಸಂಕಟವಾಯಿತು. ಆದರೆ ನಿಜ ಹೇಳಬೇಕೆಂದರೆ, ಸಂಕಟಕ್ಕಿಂತ ಮೊದಲು ನನಗೆ ಬಂದದ್ದು ಸಿಟ್ಟು. ಗಂಡಸು ಅಂದರೆ ನಾನೇ ಅಲ್ಲವೇ? ಹಾವೇರಿಯ ಸರ್ಕಾರಿ ಕಚೇರಿಯಲ್ಲಿ ಕುರ್ಚಿ ಇರುವ, ಮೀಸೆ ಇರುವ ಗಂಡಸು.

ಅಂದಿನಿಂದ ನಾನು ಸ್ಕೂಟರ್ ಪಂಡಿತನಾದೆ. ಮೊಬೈಲಿನಲ್ಲಿ ಕಂಡಕಂಡ ವೀಡಿಯೊ ನೋಡಿದೆ. ಪಿಕಪ್ ಹೆಚ್ಚಿಸುವುದು ಹೇಗೆ, ಯಾವ ಸಾಮಾನು ಹಾಕಿದರೆ ಎಷ್ಟು ಜೋರು, ಕಾರ್ಬ್ಯುರೇಟರ್ ದೊಡ್ಡದಾದರೆ ಏನು, ಸೈಲೆನ್ಸರ್ ಬದಲಿಸಿದರೆ ಏನು ಎಂದು ಕಚೇರಿಯಲ್ಲಿ ಗೆಳೆಯರ ತಲೆ ತಿಂದೆ. ಒಂದು ಭಾನುವಾರ ಅಕ್ಕನ ಗಾಡಿಯನ್ನು ನಾನೇ ಓಡಿಸಿಕೊಂಡು ರಾಣೆಬೆನ್ನೂರಿಗೆ ಹೋದೆ. ಅಲ್ಲೊಬ್ಬ ಮಿಸ್ತ್ರಿ ಇದ್ದಾನೆ. ಸುತ್ತಲಿನ ಊರುಗಳ ಪಡ್ಡೆಗಳೆಲ್ಲ ತಮ್ಮ ಗಾಡಿಗಳಿಗೆ ಜೋರು ತುಂಬಿಸಿಕೊಳ್ಳಲು ಅವನ ಹತ್ತಿರವೇ ಬರುತ್ತಾರೆ. ಮಾತು ಕಡಿಮೆ. ಕಿವಿಯಲ್ಲೊಂದು ಬೀಡಿ ಸಿಕ್ಕಿಸಿಕೊಂಡಿರುತ್ತಾನೆ, ಸೇದಿದ್ದನ್ನು ನಾನು ನೋಡಿಲ್ಲ.

ಅವನು ಗಾಡಿಯ ಎಡಗಡೆಯ ಮುಚ್ಚಳ ಬಿಚ್ಚಿ ಬೆಲ್ಟು ತೋರಿಸಿದ. ಅದರ ಮುಂದಿನ ಬಟ್ಟಲಿನೊಳಗಿಂದ ಬೋರೆಹಣ್ಣಿನ ಗಾತ್ರದ ಆರು ರೋಲರ್ ತೆಗೆದು ನನ್ನ ಅಂಗೈಗೆ ಹಾಕಿದ. ಸ್ಕೂಟರಿನಲ್ಲಿ ಗೇರು ಬದಲಾಯಿಸುವ ಕೈ ಇದ್ದಹಾಗೆ ಇವು. ಭಾರದವನ್ನು ಹಾಕಿದರೆ ಗಾಡಿ ಬಯಲಿನಲ್ಲಿ ಹಾಯಾಗಿ ಓಡುತ್ತದೆ, ಏರಿನಲ್ಲಿ ಸೋಲುತ್ತದೆ. ಹಗುರಾದವನ್ನು ಹಾಕಿದರೆ ಎಂಜಿನ್ ಹೆಚ್ಚು ಕೂಗುತ್ತದೆ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಆದರೆ ಏರು ಹತ್ತುತ್ತದೆ. ಇಷ್ಟು ಹೇಳಿ ಅವನು ಕೇಳಿದ: "ಏರಿಗೆ ಬೇಕೋ, ಓಟಕ್ಕ ಬೇಕೋ ಹೇಳ್ರಿ. ಎರಡೂ ಬೇಕಂದ್ರ ಗಾಡೀನ ಬ್ಯಾರೇ ತಗೋಬೇಕಾಗ್ತೈತಿ."

ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ ಅನ್ನುವ ಹಾಗೆ ನನಗೆ ಎರಡೂ ಬೇಕಿತ್ತು. ಕೊನೆಗೆ ಏರಿಗೆ ಎಂದೆ. ಹಾಗೆಂದು ಅಲ್ಲಿಗೇ ನಿಲ್ಲಲಿಲ್ಲ. ಅವನ ಹತ್ತಿರ ಇದ್ದುದರಲ್ಲಿ ಎಲ್ಲಕ್ಕಿಂತ ಹಗುರಾದ ರೋಲರ್ ಕೇಳಿದೆ. ಹಿಂದಿನ ಕ್ಲಚ್ಚಿಗೆ ಎಲ್ಲಕ್ಕಿಂತ ಗಡುಸಾದ ಸ್ಪ್ರಿಂಗ್ ಕೇಳಿದೆ. ಅದನ್ನು ಹಾಕಿದರೆ ಎಂಜಿನ್ ಚೆನ್ನಾಗಿ ಜೋರು ತಿರುಗಿದ ಮೇಲೇ ಗಾಲಿಯನ್ನು ಹಿಡಿಯುತ್ತದೆ, ಗಾಡಿ ಒಮ್ಮೆಲೇ ಚಿಮ್ಮುತ್ತದೆ ಎಂದು ವೀಡಿಯೊದಲ್ಲಿ ನೋಡಿದ್ದೆ. ಒಂದು ಹೊಳೆಯುವ ಸೈಲೆನ್ಸರನ್ನೂ ಹಾಕಿಸಿದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಮುಚ್ಚಳವಿಲ್ಲದ ಏರ್ ಫಿಲ್ಟರ್ ಕೇಳಿದ್ದಕ್ಕೆ ಮಾತ್ರ ಮಿಸ್ತ್ರಿ ತಲೆ ಅಲ್ಲಾಡಿಸಿದ. ಬ್ಯಾಡಗಿಯಲ್ಲಿ ಅದನ್ನು ಹಾಕಿದರೆ ಮೆಣಸಿನಕಾಯಿ ಸುಗ್ಗಿಯಲ್ಲಿ ನಿಮಗಿಂತ ಮೊದಲು ಗಾಡಿ ಕೆಮ್ಮುತ್ತದೆ ಎಂದ.

ನಡುವೆ ಅವನು ಒಂದು ಪ್ರಶ್ನೆ ಕೇಳಿದ. ಗಾಡಿ ಓಡಿಸುವವರು ಯಾರು, ಅವರನ್ನು ಕರೆತರಬೇಕಿತ್ತಲ್ಲ ಎಂದು. ಅವರಿಗೆ ಇದೆಲ್ಲ ತಿಳಿಯುವುದಿಲ್ಲ ಎಂದೆ. ಈ ಮಾತನ್ನು ನಾನು ಮರೆಯಬೇಕೆಂದರೂ ಆಗುತ್ತಿಲ್ಲ, ಅದಕ್ಕೇ ಬರೆದಿಟ್ಟಿದ್ದೇನೆ.

ಪರೀಕ್ಷೆಯನ್ನೂ ನಾನೇ ಮಾಡಿದೆ. ಹಿಂದೆ ಒಂದು ಜೋಳದ ಚೀಲ ಕಟ್ಟಿಕೊಂಡು ಮೇಲ್ಸೇತುವೆಗೆ ಹೋದೆ. ಗಾಡಿ ಗರ್ಜಿಸುತ್ತಾ ಹತ್ತಿತು. ಎರಡು ಸಲ ಇಳಿದು ಎರಡು ಸಲ ಹತ್ತಿದೆ. ಆ ಮಾತು ಕೇಳಿದ ಮನುಷ್ಯ ಎಲ್ಲಾದರೂ ಎದುರಿಗೆ ಬರಬಾರದೇ ಎಂದು ಸುತ್ತ ನೋಡಿದೆ ಕೂಡ. ಅವನ ಮುಖವೇ ನನಗೆ ಗೊತ್ತಿರಲಿಲ್ಲ.

ಸೋಮವಾರ ಅಕ್ಕ ರೊಟ್ಟಿ ತೆಗೆದುಕೊಂಡು ಹೋದಳು. ಸಂಜೆ ನಾನು ಕಚೇರಿಯಿಂದ ಬಂದಾಗ ಡಬ್ಬಿ ನನ್ನ ಬಾಗಿಲ ಮುಂದೆ ಇತ್ತು. ತೆರೆದು ನೋಡಿದರೆ ರೊಟ್ಟಿಯ ಚೂರು, ತುಂಬಾ ಚೂರು. ಖಾನಾವಳಿಯ ಮಾಲಕ ಇಡೀ ಇದ್ದವನ್ನು ಆರಿಸಿಕೊಂಡು ಉಳಿದದ್ದನ್ನು ವಾಪಸ್ ಕೊಟ್ಟಿದ್ದ. ಅಕ್ಕ ತನ್ನ ಬಾಗಿಲಲ್ಲಿ ಕೂತು ಹಿಟ್ಟು ಜರಡಿ ಹಿಡಿಯುತ್ತಿದ್ದಳು. ಗಾಡಿ ಏರು ಹತ್ತಿತೇ ಎಂದು ಕೇಳಿದೆ.

"ಏರು ಏರಾಕ ತಕರಾರ ಇಲ್ಲ," ಎಂದಳು. "ಆದ್ರ ನಿನ್ನ ಗಾಡಿ ರೊಟ್ಟಿ ಮುರೀತೈತಿ."

ನಿನ್ನ ಗಾಡಿ ಎಂದದ್ದನ್ನು ಗಮನಿಸಿದೆ. ಡಬ್ಬಿಗೆ ಹಳೆಯ ಕೌದಿ ಸುತ್ತೋಣ ಎಂದೆ. ಸುತ್ತಿದೆವು, ಮತ್ತೂ ಮುರಿದವು. ಆಕ್ಸಿಲರೇಟರ್ ನಿಧಾನವಾಗಿ ತಿರುಗಿಸು ಎಂದು ಅವಳಿಗೇ ಪಾಠ ಹೇಳಿದೆ. ಎಷ್ಟು ನಿಧಾನ ತಿರುಗಿಸಿದರೂ ಆ ಗಡುಸು ಸ್ಪ್ರಿಂಗು ಒಂದು ಕ್ಷಣ ಸುಮ್ಮನಿದ್ದು ಆಮೇಲೆ ಗಬಕ್ಕನೆ ಹಿಡಿಯುತ್ತಿತ್ತು. ಪ್ರತಿ ಸಿಗ್ನಲ್ಲಿಗೆ, ಪ್ರತಿ ರೋಡ್ ಹಂಪಿಗೆ, ದನ ಅಡ್ಡ ಬಂದಾಗಲೆಲ್ಲ ಒಂದು ಜಿಗಿತ. ಒಂದು ವಾರ ನಮ್ಮ ಮನೆಯಲ್ಲಿ ಮೂರು ಹೊತ್ತೂ ಮುರಿದ ರೊಟ್ಟಿ. ಮಜ್ಜಿಗೆಯಲ್ಲಿ ನೆನೆಸಿ, ಹಾಲಲ್ಲಿ ನೆನೆಸಿ, ಈರುಳ್ಳಿ ಹಾಕಿ ಒಗ್ಗರಣೆ ಕೊಟ್ಟು. ನನ್ನ ಮಗಳು, ಅಪ್ಪಾ, ಇನ್ನು ಯಾವ ಗಾಡಿಯನ್ನೂ ಸುಧಾರಿಸಬೇಡ ಎಂದು ಕೈ ಮುಗಿದಳು.

ನಾನು ಕೊನೆಗೆ ತಾಳ್ಮೆಗೆಟ್ಟು, ಇಷ್ಟು ಓಡಾಡಿ ಮಾಡಿಸಿದ್ದಕ್ಕೆ ಒಂದು ಒಳ್ಳೆಯ ಮಾತಿಲ್ಲ, ಜೋಳದ ಚೀಲ ಕಟ್ಟಿಕೊಂಡು ನಾನೇ ಪರೀಕ್ಷೆ ಮಾಡಿದ್ದೇನೆ ಎಂದು ಅಕ್ಕನ ಮೇಲೆ ಕೂಗಾಡಿದೆ. ಅವಳು ಕೂಗಲಿಲ್ಲ.

"ಜ್ವಾಳದ ಚೀಲ ಮುರಿಯೂದಿಲ್ಲ," ಎಂದಳು. ಆಮೇಲೆ ಜರಡಿ ಕೆಳಗಿಟ್ಟು ಹೇಳಿದಳು: "ನೀ ನನ್ನ ಗಾಡಿ ರಿಪೇರಿ ಮಾಡಸಾಕ ಹೋಗಿಲ್ಲ. ಆ ಮನಶ್ಯಾ ಅಂದ ಮಾತಿಗೆ ಉತ್ತರಾ ಕೊಡಾಕ ಹೋಗೀದಿ."

ನಾನು ಒಳಗೆ ಹೋಗಿ ಕೂತೆ. ಖರೇ ಮಾತು ಕೇಳಿದಾಗ ಮೊದಲು ಹುಟ್ಟುವುದು ಕೋಪವೇ. ಅದು ಇಳಿಯಲು ನನಗೆ ಎರಡು ದಿನ ಬೇಕಾಯಿತು. ಯೋಚಿಸುತ್ತಾ ಹೋದಂತೆ ಇದು ಸ್ಕೂಟರಿಗಷ್ಟೇ ಸೇರಿದ್ದಲ್ಲ ಎಂದು ಕಂಡಿತು. ಅವಳಿಗೆ ಯಾವ ಊರಿನ ಡಾಕ್ಟರು, ಯಾವ ಬಣ್ಣದ ಸೀರೆ, ಮನೆಯ ಯಾವ ಕೋಣೆ, ಎಲ್ಲವನ್ನೂ ನಾವು ಅವಳ ಒಳಿತಿಗೆಂದೇ ಆರಿಸಿದ್ದೆವು. ಅಪ್ಪನ ಕಾಲದಲ್ಲಿ ಅಪ್ಪ, ಆಮೇಲೆ ನಾನು. ನಡೆಯಲಾರದವಳಿಗೆ ನಿರ್ಧಾರವನ್ನೂ ಮಾಡಲಾಗದು ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳದೆಯೇ ಹಾಗೆ ನಡೆದುಕೊಂಡಿದ್ದೆವು. ದಿನಾ ಸೇತುವೆಯ ಮೇಲೆ ಕಾಲು ಹಚ್ಚುವವರು ಅಪರಿಚಿತರು. ಮನೆಯಲ್ಲಿ ಹಚ್ಚುತ್ತಿದ್ದವನು ನಾನು.

ಮುಂದಿನ ಭಾನುವಾರ ಅಕ್ಕ ತಾನೇ ರಾಣೆಬೆನ್ನೂರಿಗೆ ಹೊರಟಳು. ಡಬ್ಬಿಯಲ್ಲಿ ರೊಟ್ಟಿ ತುಂಬಿಸಿಕೊಂಡಿದ್ದಳು. ಹೆದ್ದಾರಿಯ ಲಾರಿಗಳ ನಡುವೆ ಬೇಡ ಎಂದು ಹೇಳಬೇಕೆಂದು ಬಾಯಿ ತೆರೆದು ಮುಚ್ಚಿದೆ. ಅವಳು ಪಕ್ಕದ ಸರ್ವಿಸ್ ರಸ್ತೆ, ಹಳ್ಳಿಯ ರಸ್ತೆ ಹಿಡಿದು ತನ್ನ ಪಾಡಿಗೆ ಹೋದಳು. ನಾನು ನನ್ನ ಬೈಕಿನಲ್ಲಿ ದೂರದಿಂದ ಹಿಂಬಾಲಿಸಿದೆ.

ಮಿಸ್ತ್ರಿಯ ಅಂಗಡಿಯಲ್ಲಿ ನನಗೆ ಸ್ಟೂಲ್ ತಂದಿಟ್ಟರು, ಅಕ್ಕ ಕೂಡಲೇ ಗಾಡಿಯಿಂದ ಇಳಿಯಲಿಲ್ಲ. ಅಲ್ಲೇ ಕೂತು ತನಗೆ ಏನು ಬೇಕೆಂದು ಹೇಳಿದಳು. "ಶುರು ಆಗಿದ್ದು ರೊಟ್ಟಿಗೆ ಗೊತ್ತಾಗಬಾರ್ದು. ಏರಿನ್ಯಾಗ ನಿಂದರಬಾರ್ದು. ನಡುವ ಎಷ್ಟ ಮೆಲ್ಲಕ ಹ್ವಾದ್ರೂ ನನಗ ನಡೀತೈತಿ."

ಮಿಸ್ತ್ರಿ ಕಿವಿಯ ಬೀಡಿ ಮುಟ್ಟಿ ನೋಡಿಕೊಂಡು, ಇಷ್ಟು ಸ್ಪಷ್ಟವಾಗಿ ಇಲ್ಲಿಯವರೆಗೆ ಯಾರೂ ಹೇಳಿಲ್ಲ ಎಂದ. ಎಲ್ಲರೂ ಜೋರು ಬೇಕು ಎನ್ನುತ್ತಾರೆ, ಯಾವುದಕ್ಕೆ ಎಂದರೆ ಸುಮ್ಮನಾಗುತ್ತಾರೆ ಎಂದ. ಹೇಳುವಾಗ ನನ್ನ ಕಡೆ ನೋಡಲಿಲ್ಲ, ಅದು ಅವನ ದೊಡ್ಡತನ.

ಗಡುಸು ಸ್ಪ್ರಿಂಗ್ ತೆಗೆದು ಹಳೆಯವನ್ನೇ ಹಾಕಿದ. ಅಕ್ಕ ಗಲ್ಲಿಯ ಆ ತುದಿಗೆ ಹೋಗಿ, ನಿಂತು, ಹೊರಟು, ನಿಂತು, ಹೊರಟು ಬಂದಳು. ಡಬ್ಬಿ ತೆರೆದರು. ಎರಡು ಮುರಿದಿದ್ದವು. ರಿಪೇರಿಗೆಂದು ಮೇಡ್ಲೇರಿಯಿಂದ ಬಂದು ಕಾಯುತ್ತಿದ್ದ ರೈತನೊಬ್ಬನ ಕೈಗೆ ಆ ಚೂರು ಹೋದವು. ಅವನು ತನ್ನ ಚೀಲದಿಂದ ಹಸಿ ಈರುಳ್ಳಿ ತೆಗೆದ. ಮತ್ತೆ ರೋಲರ್ ಬದಲಿಸಿದರು. ಎಲ್ಲವೂ ಹಗುರಾದವು ಬೇಡ, ಮೂರು ಹಗುರ, ಮೂರು ಹಳೆಯವು, ಒಂದು ಬಿಟ್ಟು ಒಂದು. ಅಕ್ಕ ಮತ್ತೆ ಹೋಗಿ ಬಂದಳು. ಒಂದು ಮುರಿದಿತ್ತು. ರೈತ ಕೈ ಚಾಚಿಯೇ ಕೂತಿದ್ದ. ನಾನು ದಿನಗಟ್ಟಲೆ ವೀಡಿಯೊ ನೋಡಿ ಕಲಿತ ಯಾವ ಲೆಕ್ಕವೂ ಅಲ್ಲಿ ಬೇಕಾಗಲಿಲ್ಲ. ರೊಟ್ಟಿಯೇ ಎಲ್ಲವನ್ನೂ ಹೇಳುತ್ತಿತ್ತು.

ಆಮೇಲೆ ಅಕ್ಕ, ಗಾಡಿ ಎಡಕ್ಕೆ ಎಳೆಯುವುದನ್ನು ಹೇಳಿದಳು. ಮಿಸ್ತ್ರಿ ಜಾಕಿ ಕೊಟ್ಟು ಗಾಡಿ ಎತ್ತಿದ. ಬಲಗಡೆಯ ಪಕ್ಕದ ಗಾಲಿಯನ್ನು ಕೈಯಿಂದ ತಿರುಗಿಸಿದ; ಅದು ತಿರುಗುತ್ತಲೇ ಇತ್ತು. ಎಡಗಡೆಯದನ್ನು ತಿರುಗಿಸಿದ. ಅರ್ಧ ಸುತ್ತಿಗೆ ನಿಂತಿತು. ಒಳಗಿನ ಬೇರಿಂಗ್ ಒಣಗಿ ಬಿಗಿದುಕೊಂಡಿತ್ತು, ಗಾಲಿ ಹಿಡಿದ ಪಟ್ಟಿಯೂ ಒಂದಿಷ್ಟು ಓರೆಯಾಗಿತ್ತು. ಗಾಡಿ ಇಷ್ಟು ದಿನವೂ ಅರ್ಧ ಬ್ರೇಕ್ ಹಿಡಿದುಕೊಂಡೇ ಏರು ಹತ್ತುತ್ತಿತ್ತು ಎಂದ ಹಾಗಾಯಿತು.

ಎಷ್ಟು ದಿನದಿಂದ ಹೀಗಿದೆ ಎಂದು ಅವನು ಕೇಳಿದ. ಅಕ್ಕ ನನ್ನ ಮುಖ ನೋಡಿದಳು. ಗಾಡಿ ಬಂದ ಮೊದಲ ವಾರದಿಂದ ಎಂದು ಅವಳು ಹೇಳಬಹುದಿತ್ತು. ತಮ್ಮನಿಗೆ ಹೇಳಿದ್ದೆ ಎನ್ನಬಹುದಿತ್ತು. ಮೊದಲಿನಿಂದ ಇದೆ, ಅಕ್ಕ ಹೇಳಿದ್ದಳು, ನಾನು ಕೇಳಿಸಿಕೊಳ್ಳಲಿಲ್ಲ ಎಂದು ನಾನೇ ಹೇಳಿದೆ. ನನಗೆ ಬಹಳ ನಾಚಿಕೆಯಾಯಿತು. ನಾನು ಎಂಜಿನ್ನಿಗೆ ಬಲ ತುಂಬಲು ಊರೂರು ಅಲೆದೆ, ಅವಳನ್ನು ಹಿಂದಕ್ಕೆ ಎಳೆಯುತ್ತಿದ್ದುದು ಎಲ್ಲಿದೆ ಎಂದು ಅವಳು ಬೆರಳಿಟ್ಟು ತೋರಿಸಿದ್ದರೂ ನೋಡಲಿಲ್ಲ.

ಹೊಸ ಬೇರಿಂಗ್ ಬಂತು, ಪಟ್ಟಿ ನೆಟ್ಟಗಾಯಿತು. ಹೊಳೆಯುವ ಸೈಲೆನ್ಸರ್ ತೆಗೆಸಿ ಹಳೆಯದನ್ನೇ ಹಾಕಿಸಿದಳು. ಕೊನೆಯ ಸುತ್ತಿಗೆ ಡಬ್ಬಿ ತೆರೆದರೆ ಒಂದೂ ಮುರಿದಿರಲಿಲ್ಲ. ಮೇಡ್ಲೇರಿಯ ರೈತನಿಗೆ ಬೇಸರವಾದಂತೆ ಕಂಡಿತು. ಅಕ್ಕ ಒಂದು ಇಡೀ ರೊಟ್ಟಿ ತೆಗೆದು ಅವನಿಗೆ ಕೊಟ್ಟಳು.

ಸೋಮವಾರ ಖರೇ ಪರೀಕ್ಷೆ. ನಾನೂ ಹಾವೇರಿಗೇ ಹೋಗಬೇಕಾದವನು, ಒಟ್ಟಿಗೆ ಹೊರಟೆವು ಎಂದು ನನಗೆ ನಾನೇ ಹೇಳಿಕೊಂಡೆ. ಕಚೇರಿಗೆ ಹೊರಡುವ ಹೊತ್ತಿಗಿಂತ ಅದು ಒಂದು ತಾಸು ಮುಂಚೆ ಇತ್ತು. ಮೇಲ್ಸೇತುವೆಯ ಬುಡದಲ್ಲಿ ನಾನು ಅವಳ ಹಿಂದೆಯೇ ಇದ್ದೆ. ಗಾಡಿ ಏರತೊಡಗಿತು. ಗರ್ಜನೆಯಿಲ್ಲ, ಜಿಗಿತವಿಲ್ಲ, ಎತ್ತಿನ ಗಾಡಿಗಿಂತ ಸ್ವಲ್ಪ ಜೋರು ಅಷ್ಟೇ. ದಿನಾ ನಿಲ್ಲುತ್ತಿದ್ದ ಜಾಗ ದಾಟಿತು. ಅದರಾಚೆ ಸ್ವಲ್ಪ ಸದ್ದು ಇಳಿಯಿತು. ನಿಂತೇಬಿಡುತ್ತದೆ ಎಂದುಕೊಂಡೆ. ನನಗೆ ಗೊತ್ತಿಲ್ಲದೆಯೇ ನನ್ನ ಬಲಗಾಲು ಪೆಡಲಿನಿಂದ ಎದ್ದು ಮುಂದಕ್ಕೆ ಚಾಚಿತ್ತು.

ಅಕ್ಕ ಕನ್ನಡಿಯಲ್ಲಿ ನೋಡಿದಳು, ಗಾಡಿ ಒಂದು ಕ್ಷಣ ತಡವರಿಸಿತು. ತಿರುಗಲಿಲ್ಲ. ಆಕೆಯ ದನಿ ಗಾಳಿಯಲ್ಲಿ ಹಿಂದಕ್ಕೆ ಬಂತು.

"ಕಾಲು ತಗಿ."

ತೆಗೆದೆ. ಗಾಡಿ ನಿಲ್ಲಲಿಲ್ಲ. ಮೆಲ್ಲಗೆ, ಬಹಳ ಮೆಲ್ಲಗೆ, ನೆತ್ತಿ ತಲುಪಿ ಆಚೆ ಇಳಿಯಿತು. ನನಗೆ ಕೂಗಬೇಕೆನ್ನಿಸಿತು, ಕೂಗಲಿಲ್ಲ. ಆಚೆ ಇಳಿಜಾರಿನಲ್ಲಿ ಅವಳ ಸೆರಗು ಗಾಳಿಗೆ ಉಬ್ಬಿತ್ತು.

ಖಾನಾವಳಿಯ ಮುಂದೆ ಮಾಲಕ ಡಬ್ಬಿ ತೆರೆದು ಎಣಿಸಿಕೊಂಡ. ಎಲ್ಲ ಇಡೀ ಇದ್ದವು, ಒಂದರ ಹೊರತು. ಆ ಒಂದನ್ನು ಅವನು ಪಕ್ಕಕ್ಕಿಟ್ಟ. ಪರವಾಗಿಲ್ಲ, ಒಂದೇ ಅಲ್ಲವೇ, ಗಾಡಿ ಇನ್ನೂ ಸ್ವಲ್ಪ ಸರಿ ಮಾಡಿಸಬಹುದು ಎಂದು ನಾನು ಶುರು ಮಾಡಿದೆ. ಅಕ್ಕ ಆ ಮುರಿದ ರೊಟ್ಟಿಯನ್ನು ತೆಗೆದು ನನ್ನ ಕೈಗೆ ಕೊಟ್ಟಳು.

"ಇದು ಗಾಡಿ ಮುರದಿದ್ದಲ್ಲ," ಎಂದಳು. "ಏರಿನ ಮ್ಯಾಲ ನಿನ್ನ ಕಾಲು ಕಂಡಿತು. ಅಂಜಿ ಬ್ರೇಕ್ ಹಿಡದೆ, ಆವಾಗ ಮುರದೈತಿ. ನಾಳಿಂದ ಹಿಂದ ಬರಬ್ಯಾಡ."

ಆ ರೊಟ್ಟಿಯನ್ನು ಅಲ್ಲೇ ನಿಂತು ತಿಂದೆ. ಮರುದಿನ ಅವಳ ಹಿಂದೆ ಹೋಗಲಿಲ್ಲ. ಅವಳು ಸೇತುವೆ ಹತ್ತುವ ಹೊತ್ತಿಗೆ ಸರಿಯಾಗಿ ಮನೆಯ ಕಟ್ಟೆಯ ಮೇಲೆ ಕೂತು, ಫೋನನ್ನು ಜೇಬಿನಿಂದ ತೆಗೆದು, ಮತ್ತೆ ಜೇಬಿಗೇ ಹಾಕಿಕೊಂಡೆ. ಬಹಳ ಕಷ್ಟವಾಯಿತು.